ಕಬ್ಬಿನ ಸಿಪ್ಪೆಯ ಗೋಡೆ

ಇಲ್ಲ, ಮೊದಲು ಬಂದದ್ದು ಇರುವೆಗಳೇ ಇರಬೇಕು, ದೊಡ್ಡವ್ವನ ಆಪರೇಶನ್ ಆಮೇಲೆ. ನನ್ನ ನೆನಪಿನಲ್ಲಿ ಎರಡೂ ಒಂದೇ ಮಧ್ಯಾಹ್ನ ನಡೆಯುತ್ತವೆ. ಕೊರಳಿಗೆ ಬಿಳಿ ಪಟ್ಟಿ ಅಂಟಿಸಿಕೊಂಡ ದೊಡ್ಡವ್ವ ಗೋಡೆ ನೋಡುತ್ತ ಕುಳಿತಿದ್ದಾಳೆ, ಗೋಡೆಯ ಮೇಲೆ ಕಪ್ಪು ಸಾಲೊಂದು ಹರಿಯುತ್ತಿದೆ. ಇದು ಸಾಧ್ಯವಿಲ್ಲ. ಪಟ್ಟಿ ಅಂಟಿಸುವ ಹೊತ್ತಿಗೆ ಇರುವೆಗಳು ಹತ್ತಲು ಆ ಗೋಡೆಯ ಮೇಲೆ ಏನೂ ಉಳಿದಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಕಾಣುವುದು ಅದೇ.

ಜಹೀರಾಬಾದಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನೆಲವೂ ತಾಂಡೂರಿನ ಕಲ್ಲು, ಗೋಡೆಯೂ ಎದೆಯೆತ್ತರಕ್ಕೆ ಅದೇ ಕಲ್ಲು. ಅಲ್ಲಿ ಕೆಮ್ಮಿದರೆ ಇನ್ನೊಬ್ಬರು ಕೆಮ್ಮಿದಂತಾಗುತ್ತಿತ್ತು. ನಾನು ಒಂದು ಮೈಕು, ಹಳೆಯ ಲ್ಯಾಪ್‌ಟಾಪು ಇಟ್ಟುಕೊಂಡು ಅದನ್ನು ಸ್ಟುಡಿಯೋ ಎಂದು ಕರೆಯುತ್ತಿದ್ದೆ. ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಅದನ್ನು ಬಾವಿ ಎನ್ನುತ್ತಿದ್ದಳು. ಆರತಿ ಹಾಡಲು ಕನ್ನಡದ ಮನೆಯವರೂ ತೆಲುಗಿನ ಮನೆಯವರೂ ಕರೆಯುತ್ತಿದ್ದುದು ಆಕೆಯನ್ನೇ. ಆ ವರ್ಷ ಆಕೆಯ ಕೊರಳಲ್ಲಿ ಗಂಟು ಕಾಣಿಸಿತು. ತೆಗೆದ ಮೇಲೆ ದನಿ ಬದಲಾಗಬಹುದು, ಆಗದೆಯೂ ಇರಬಹುದು ಎಂದರು ಡಾಕ್ಟರು.

“ಕತ್ತರಿ ಹಾಕೂದ್ರಾಗ ನನ್ನ ದನಿ ಹಿಡದಿಡು ತಮ್ಮಾ,” ಎಂದಳು. “ಆಮ್ಯಾಲ ಇನ್ನೊಮ್ಮಿ ಹಾಡ್ತೀನಿ. ಎರಡೂ ಕೇಳಿ ನೀ ಖರೇ ಹೇಳಬೇಕು. ಉಳದವ್ರು ಎಲ್ಲಾ ಚಲೋ ಅದ ಅಂತಾರ, ಅವ್ರ ಮಾತು ಬ್ಯಾಡ.”

ಮಾರ್ದನಿ ಹೀರುವ ಅಂಗಡಿಯ ಫೋಮ್ ಹಲಗೆಗಳ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲಿನ ಅಂಗಡಿಯವನು ಹಿಂಡಿದ ಸಿಪ್ಪೆಯನ್ನು ಗುಡ್ಡೆ ಹಾಕಿರುತ್ತಿದ್ದ. ಕೇಳಿದರೆ, ಒಯ್ಯಿರಿ ಎಂದ. ಮಾಳಿಗೆಯ ಮೇಲೆ ಒಣಗಿಸಿದೆ. ನಾರಾಯಣಖೇಡದ ಕಡೆಯ ಬಡಗಿಯೊಬ್ಬ ಹಳೆಯ ಬಾಗಿಲುಗಳ ಕಟ್ಟಿಗೆಯಲ್ಲಿ ಚೌಕಟ್ಟು ಮಾಡಿದ. ಒಳಗೆ ನಾಲ್ಕು ಬೆರಳು ದಪ್ಪ ಸಿಪ್ಪೆ ತುಂಬಿ, ಮೇಲೆ ಗೋಣಿತಟ್ಟು ಬಿಗಿದೆವು. ಗೋಡೆಗೂ ಚೌಕಟ್ಟಿಗೂ ನಡುವೆ ಒಂದಿಷ್ಟು ಖಾಲಿ ಜಾಗ ಬಿಟ್ಟೆವು, ದಪ್ಪ ಸ್ವರಗಳು ಅಲ್ಲಿ ಸೋತು ಬೀಳಲಿ ಎಂದು.

“ಬ್ಯಾಸಗ್ಯಾಗ ಗ್ವಾಡಿಗಿ ಸ್ವೆಟರ್ ಹಾಕ್ಲಾಕತ್ತೀರಲ್ರಿ ಸಾಬ್,” ಎಂದ ಬಡಗಿ.

ಎಲ್ಲಿ ತೂಗುಹಾಕಬೇಕು ಎಂಬುದಕ್ಕೆ ಒಂದು ಉಪಾಯವಿದೆ. ಹಾಡುವವರನ್ನು ಅವರ ಜಾಗದಲ್ಲಿ ಕೂರಿಸಿ, ಮೈಕಿನ ಜಾಗದಲ್ಲಿ ನಾವು ಕೂರಬೇಕು. ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಬೇಕು. ಕನ್ನಡಿಯಲ್ಲಿ ಹಾಡುವವರ ಬಾಯಿ ಎಲ್ಲಿ ಕಂಡಿತೋ, ದನಿ ತಿರುಗಿ ಬರುವುದು ಅಲ್ಲಿಂದ. ಬಡಗಿ ಕನ್ನಡಿ ಹಿಡಿದು ನಡೆದ. ಕಲ್ಲಿನ ಮೇಲೆ ಕಿಟಕಿ ತೇಲಿತು, ಮೊಳೆ ತೇಲಿತು, ಬಡಗಿಯ ಬೆರಳು ತೇಲಿದವು, ಆಮೇಲೆ ದೊಡ್ಡವ್ವ ನೀರಿನಿಂದ ಮೇಲೆದ್ದ ಹಾಗೆ ಬಂದಳು.

“ಏನೋ, ಕನ್ಯಾ ನೋಡಾಕ ಬಂದಂಗ ನೋಡ್ತಿ?” ಎಂದಳು ಕನ್ನಡಿಯೊಳಗಿಂದ.

ಬಡಗಿ ಸೀಮೆಸುಣ್ಣದಲ್ಲಿ ಅಲ್ಲಿ ಗುರುತು ಹಾಕಿದ. ಆ ಗುರುತು ಇನ್ನೂ ಇದೆ. ಈ ಇಡೀ ಕಥೆಯಲ್ಲಿ ನಾನು ಮುಟ್ಟಿ ತೋರಿಸಬಲ್ಲದ್ದು ಅದೊಂದೇ.

ಎಲ್ಲ ತೂಗುಹಾಕಿದ ಮೇಲೆ ಚಪ್ಪಾಳೆ ತಟ್ಟಿದೆ. ಚಪ್ಪಾಳೆ ನನ್ನ ಕೈಯಲ್ಲೇ ಸತ್ತುಹೋಯಿತು. ನನಗೆ ಖುಷಿಯಾಯಿತು. ದೊಡ್ಡವ್ವ ಎರಡು ಸಾಲು ಹಾಡಿ ನಿಲ್ಲಿಸಿದಳು.

“ದನಿ ಹೋದದ್ದು ಹೊಳ್ಳಿ ಬರವಲ್ದು. ಹತ್ತಿ ತಿಂದು ಹಾಡಿದಂಗ ಆಗ್ಲಾಕತ್ತದ.”

“ಅದಕ್ಕೇ ಮಾಡೀನಿ ದೊಡ್ಡವ್ವಾ. ಈಗ ಬರೇ ನಿನ್ನ ದನಿ ಕೇಳ್ತದ, ಕಲ್ಲಿಂದಲ್ಲ.”

“ಇಷ್ಟ್ ದಿನ ಕಲ್ಲು ಎಲ್ಲಿತ್ತು, ನಾ ಎಲ್ಲಿದ್ದೆ, ನಿನಗೇನ್ ಗೊತ್ತು?” ಎಂದಳು. ಆದರೂ ಹಾಡಿದಳು, ಬಹುಶಃ ಸ್ವಲ್ಪ ಏರುದನಿಯಲ್ಲಿ. ಮರಳಿ ಬಾರದ್ದನ್ನು ಕರೆಯುವ ಹಾಗೆ.

ಆಮೇಲೆ ಇರುವೆಗಳು. ಸಕ್ಕರೆ ಕಾರ್ಖಾನೆಯಲ್ಲಿ ಹಿಂಡುವಷ್ಟು ಪೂರ್ತಿಯಾಗಿ ಆ ಅಂಗಡಿಯ ಗಾಣ ಕಬ್ಬನ್ನು ಹಿಂಡುವುದಿಲ್ಲ ಎಂದು ನನಗೆ ಹೊಳೆದಿರಲಿಲ್ಲ. ನನ್ನ ಗೋಡೆ ಸಿಹಿಯಾಗಿತ್ತು. ಹೆಡ್‌ಫೋನ್ ಹಾಕಿ ಕುಳಿತರೆ ಅವು ತಟ್ಟಿನೊಳಗೆ ನಡೆಯುವ ಸದ್ದು ಕೇಳುತ್ತಿತ್ತು ಎಂದು ಸ್ನೇಹಿತರಿಗೆಲ್ಲ ಹೇಳಿದ್ದೇನೆ. ಮೈಕು ಅಷ್ಟು ಸೂಕ್ಷ್ಮದ್ದಲ್ಲ. ಹೇಳಿ ಹೇಳಿ ನನಗೇ ಕೇಳತೊಡಗಿದೆ.

ಆಸ್ಪತ್ರೆಗೆ ಹೋಗುವ ವಾರ ನಾನು ಊರಲ್ಲಿರಲಿಲ್ಲ. ಇರುವೆ ದೇವರ ಗೂಡಿನವರೆಗೂ ಬಂದವೆಂದು ದೊಡ್ಡವ್ವ ಚೌಕಟ್ಟುಗಳನ್ನು ಇಳಿಸಿ, ಕಟ್ಟಿಗೆ, ತಟ್ಟು, ಸಿಪ್ಪೆ ಎಲ್ಲವನ್ನೂ ನೀರೊಲೆಗೆ ಹಾಕಿದಳು. ಸ್ನಾನಕ್ಕೆ ನೀರು ಚಲೋ ಕಾದವಂತೆ. ಬೆಲ್ಲದ ವಾಸನೆ ಬಂತಂತೆ.

ಗಾಯ ಮಾಗಿದ ಮೇಲೆ ಆಕೆ ಬಂದು ಅದೇ ಜಾಗದಲ್ಲಿ ಕುಳಿತು, ಬರಿಯ ಕಲ್ಲಿನ ನಡುವೆ ಅದೇ ಹಾಡು ಹಾಡಿದಳು. ಎರಡೂ ರೆಕಾರ್ಡಿಂಗ್ ಕೇಳಿದೆ. ಮೊದಲಿನದು ಒಣದು, ಹತ್ತಿರದ್ದು, ಉಸಿರು ಲೆಕ್ಕಕ್ಕೆ ಸಿಗುವಷ್ಟು. ಎರಡನೆಯದು ಅಗಲ, ಮೆತ್ತಗೆ, ಸಾಲಿನ ಕೊನೆಗೆ ಒಂದು ತೆಳು ಒಡಕು. ಒಡಕು ಕೊರಳಿನದೋ ಕಲ್ಲಿನದೋ ತಿಳಿಯಲಿಲ್ಲ.

ಮತ್ತೆ ಸಿಪ್ಪೆ ತಂದೆ. ಈ ಸಲ ನೀರಲ್ಲಿ ಕುದಿಸಿ, ಸಿಹಿ ಬಿಡಿಸಿ ಒಣಗಿಸಿದೆ. ಬಡಗಿ ಅದೇ ಅಳತೆಯ ಚೌಕಟ್ಟು ಮಾಡಿದ, ಅದೇ ಅಳತೆ ಎಂದು ಅವನೇ ಹೇಳಿದ. ಸುಣ್ಣದ ಗುರುತಿಗೆ ಸರಿಯಾಗಿ ತೂಗುಹಾಕಿ ಚಪ್ಪಾಳೆ ತಟ್ಟಿದೆ. ಮೊದಲಿನ ಚಪ್ಪಾಳೆ ಹೀಗೇ ಸತ್ತಿತ್ತೇ? ಅದನ್ನು ನಾನು ರೆಕಾರ್ಡ್ ಮಾಡಿರಲಿಲ್ಲ. ದೊಡ್ಡವ್ವ ಹಾಡಿದಳು. ಈ ಸಲ ಏರುದನಿ ಎತ್ತಲಿಲ್ಲ. ಸಿಪ್ಪೆಯ ಗೋಡೆ ಅಭ್ಯಾಸವಾಗಿತ್ತೋ, ಏರಿಸಲು ಆಗಲಿಲ್ಲವೋ.

“ಹೇಳು,” ಎಂದಳು.

“ಗೊತ್ತಾಗವಲ್ದು ದೊಡ್ಡವ್ವಾ.”

“ಎರಡು ಸಲ ಗ್ವಾಡಿ ಕಟ್ಟಿ ಇಷ್ಟೇ ಏನು?”

ಮರುದಿನ ತಾಂಡೂರಿನ ಕಡೆ ತೊಟ್ಟಿಲ ಶಾಸ್ತ್ರಕ್ಕೆ ಕರೆ ಬಂದಿತ್ತು. ಹೋಗಿ ಹಾಡಿ ಬಂದಳು. ಎಲ್ಲರೂ ಚಲೋ ಅದ ಅಂದರಂತೆ. ಅದನ್ನು ಹೇಳಿ ನನ್ನನ್ನೇ ನೋಡಿದಳು.

ಎರಡೂ ಫೈಲುಗಳು ಇವೆ, ಮೂರನೆಯದೂ ಇದೆ. ಆಕೆಯ ದನಿ ಬದಲಾಗಿದೆಯೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ.