ಹಿತ್ತಲಿಗೆ ಹಾಸಿದ ದಾರಿ

ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ ಮೇಲೆ ನನ್ನ ಯಜಮಾನರು ಮೊದಲು ಬಿಟ್ಟದ್ದು ಮನೆಯ ಮುಂದಿನ ಜಗಲಿಯನ್ನು. ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾರಿಯಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವರು ಅವರು. ನಮ್ಮ ಬೀದಿಯಲ್ಲಿ ಅವರ ಗುರುತಿಲ್ಲದವರೇ ಇಲ್ಲ. ಜಗಲಿಯಲ್ಲಿ ಗಾಲಿಕುರ್ಚಿ ಕಂಡರೆ ಸಾಕು, ಹೋಗುವವರು ನಿಂತು, “ಹೆಂಗಿದ್ದೋನು ಹೆಂಗಾಗ್ಬುಟ್ಟೆಯಣ್ಣ” ಎನ್ನುತ್ತಿದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಒಂದು ದಿನ ಇವರು ಎಡಗೈಯಲ್ಲಿ ಟವೆಲ್ ಎಳೆದು ಮುಖ ಮುಚ್ಚಿಕೊಂಡು, “ಒಳಕ್ಕೆ” ಎಂದರು. ಮತ್ತೆ ಜಗಲಿಗೆ ಬರಲಿಲ್ಲ.

ನಾನು ಸರ್ಕಾರಿ ಶಾಲೆಯಲ್ಲಿ ಟೀಚರ್. ಬೆಳಗ್ಗೆ ಅವರನ್ನು ಯಾವ ಕಿಟಕಿಯ ಪಕ್ಕ ಕೂರಿಸಿ ಹೋಗುತ್ತಿದ್ದೆನೋ ಸಂಜೆ ಬಂದಾಗಲೂ ಅಲ್ಲೇ, ಅದೇ ಭಂಗಿಯಲ್ಲಿ ಇರುತ್ತಿದ್ದರು. ನಡುವೆ ಊಟ ಕೊಡಲು ಪಕ್ಕದ ಮನೆಯಾಕೆ ಬರುತ್ತಿದ್ದಳು. ಮೈಗೆ ಬಿಸಿಲು ಗಾಳಿ ಬೀಳಲಿ ಎಂದು ಡಾಕ್ಟರು ಹೇಳಿದ್ದರು. ಬೀದಿಯವರ ಕಣ್ಣಿಗೆ ಬೀಳದ ಜಾಗವೆಂದರೆ ನಮ್ಮ ಹಿತ್ತಲೊಂದೇ. ಅದನ್ನು ಯಾರಾದರೂ ಕೂರಬೇಕೆನಿಸುವಂತೆ ಮಾಡಬೇಕೆಂದು ಬೇಸಿಗೆ ರಜೆಯ ಮೊದಲ ದಿನವೇ ಸೆರಗು ಸಿಕ್ಕಿಸಿ ನಿಂತೆ.

ಅಲ್ಲಿದ್ದದ್ದು ಒಂದು ಬಟ್ಟೆ ಒಗೆಯುವ ಕಲ್ಲು, ಸೀಳಿದ ನೀರಿನ ಟ್ಯಾಂಕು, ಮನೆ ಕಟ್ಟಿದಾಗ ಉಳಿದ ಕಡಪ ಕಲ್ಲಿನ ತುಂಡುಗಳು, ಮೂಲೆಯಲ್ಲಿ ಜಾಲಿ. ಜಾಲಿ ಕಡಿದೆ. ಮೊಬೈಲಿನಲ್ಲಿ ಹಿತ್ತಲು ಚಂದ ಮಾಡುವ ವಿಡಿಯೊಗಳನ್ನು ನೋಡಿದೆ. ಅವುಗಳಲ್ಲಿ ನೆಲ ಮೆತ್ತಗಿರುತ್ತಿತ್ತು, ಹುಲ್ಲು ಹಸಿರಾಗಿರುತ್ತಿತ್ತು. ನಮ್ಮ ನೆಲಕ್ಕೆ ಹಾರೆ ಹಾಕಿದರೆ ಠಣ್ ಎಂದು ಕೈಗೇ ಹೊಡೆಯುತ್ತಿತ್ತು.

ಅನಂತಪುರದ ಕಡೆಯಿಂದ ಮದುವೆಯಾಗಿ ಬಂದಿದ್ದ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ನೋಡಿ ಕೇಳಿದಳು: “ಏಂದಮ್ಮಾ ಟೀಚರಮ್ಮ, ಈ ಬಂಡೆ ನೆಲದಾಗೆ ಏನ್ ಬೆಳೀತೀಯ?”

“ಬೆಳೆಯೋಕಲ್ಲ. ಅವರು ಬಂದು ಕೂತ್ಕಳ್ಳಲಿ ಅಂತ.”

ಅವಳು ತನ್ನ ಮನೆಯ ಬಾಂಡ್ಲಿ ತಂದು ಮಣ್ಣು ಹೊರಲು ನಿಂತಳು.

ಹಿತ್ತಲ ಬಾಗಿಲಿನಿಂದ ಗೋಡೆಯವರೆಗೆ ಮರಳು ಹರಡಿ ಕಡಪ ಕಲ್ಲು ಹಾಸಿದೆವು. ಹೊಸ್ತಿಲಿಗೆ ಹಲಗೆ ಇಳಿಬಿಟ್ಟು ಖಾಲಿ ಗಾಲಿಕುರ್ಚಿ ತಳ್ಳಿ ನೋಡಿದರೆ ಮುಂದಿನ ಚಿಕ್ಕ ಗಾಲಿ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಎಲ್ಲ ಕಿತ್ತು, ಒತ್ತೊತ್ತಾಗಿ ಹಾಸಿ, ಸಂದಿಗೆ ಕಲ್ಲುಪುಡಿ ತುಂಬಿ ನೀರು ಚಿಮುಕಿಸಿ ಕುಟ್ಟಿದೆವು. ಇದಕ್ಕೇ ಎಂಟು ದಿನ ಹಿಡಿಯಿತು. ದಾರಿಯ ಎರಡೂ ಬದಿಗೆ ಸುಣ್ಣ ಬಳಿದ ಗುಂಡುಕಲ್ಲು ಜೋಡಿಸಿದೆ. ನಾಲ್ಕು ಗಳ ನೆಟ್ಟು ಮೇಲೆ ಹಸಿರು ನೆಟ್ ಕಟ್ಟಿದೆ. ಕನಕಾಂಬರ, ದಾಸವಾಳ ತಂದಿಟ್ಟೆ. ಕೊನೆಗೆ ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯಿಂದ ಎರಡು ಹಳೇ ಟೈರು ತರಿಸಿ, ಹಳದಿ ಬಣ್ಣ ಹೊಡೆದು, ಮಣ್ಣು ತುಂಬಿ ಹೂವಿನ ಗಿಡ ಹಾಕಿದೆ. ಅವುಗಳನ್ನು ನೋಡಿ ನನಗೇ ಹೆಮ್ಮೆಯಾಯಿತು.

ಮಾರನೇ ಬೆಳಗ್ಗೆ ಅವರಿಗೆ ಸ್ನಾನ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಎಲ್ಲಿಗೆಂದು ಹೇಳದೆ ಹಿತ್ತಲಿಗೆ ಕರೆದುಕೊಂಡು ಬಂದೆ. ಗಾಲಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನೆಟ್ಟಿನ ನೆರಳಿಗೆ ಬಂದಾಗ ಅವರು ತಲೆಯೆತ್ತಿ ಮೇಲೆ ನೋಡಿದರು. ಗೆದ್ದೆ ಅಂದುಕೊಂಡೆ.

ಆಮೇಲೆ ಅವರ ಕಣ್ಣು ಟೈರಿನ ಮೇಲೆ ಬಿತ್ತು. ಎಡಗೈ ಚಾಚಿ ಅದರ ಅಂಚು ಮುಟ್ಟಿದರು. ಸವೆದ ಗೀರುಗಳ ಮೇಲೆ ಬೆರಳಾಡಿಸಿದರು.

“ಬಸ್ಸಿಂದು,” ಎಂದರು. ಮಾತು ತೊದಲುತ್ತಿದ್ದರೂ ಅದೊಂದು ಸ್ಪಷ್ಟವಾಗಿ ಕೇಳಿಸಿತು.

“ಹೂಂ ಕಣ್ರೀ. ಹಳೇದು. ಬಿಸಾಕಿದ್ರು, ಅದಕ್ಕೇ...”

ಅವರ ಬಾಯಿ ಸೊಟ್ಟಗಾಯಿತು. ಮಗುವಿನ ಹಾಗೆ ಜೋರಾಗಿ ಅತ್ತರು. ಕಾಯಿಲೆ ಬಿದ್ದ ದಿನವೂ ಅತ್ತವರಲ್ಲ. ನಾನು ಎದುರು ಕುಕ್ಕರಗಾಲಲ್ಲಿ ಕೂತು ಅವರ ಮೊಣಕಾಲು ಹಿಡಿದುಕೊಂಡೆ. ಗೋಡೆಯಾಚೆ ಪಕ್ಕದ ಮನೆಯಾಕೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದು ಮಾತ್ರ ಕೇಳಿಸಿತು.

ಮಧ್ಯಾಹ್ನವೇ ಅವಳು ಬಂದು ಮಣ್ಣು ಸುರಿದು ಟೈರುಗಳನ್ನು ಉರುಳಿಸಿಕೊಂಡು ಹೋದಳು. “ನಿಂದೇನ್ ತಪ್ಪೈತಮ್ಮಾ, ನಿಂಗೇನ್ ತೆಲುಸು,” ಎಂದಳು. ನನಗೆ ಗೊತ್ತಿರಬೇಕಿತ್ತು. ಇಪ್ಪತ್ತೆರಡು ವರ್ಷ ಅವರ ಖಾಕಿ ಬಟ್ಟೆ ಒಗೆದವಳು ನಾನು.

ಒಂದು ವಾರ ಅವರು ಹಿತ್ತಲ ಕಡೆ ನೋಡಲಿಲ್ಲ. ಅಷ್ಟರಲ್ಲಿ ಗಿಡಗಳು ಸೊರಗತೊಡಗಿದವು. ಬೋರ್‌ವೆಲ್ ನೀರು ಹಾಕಿದಷ್ಟೂ ಬುಡದಲ್ಲಿ ಬಿಳಿ ಉಪ್ಪು ಕಟ್ಟಿತು. ಕುಡಿಯಲು ತರುವ ಕ್ಯಾನ್ ನೀರಿನಲ್ಲಿ ಉಳಿಸಿ ದಾಸವಾಳಕ್ಕೆ ಹಾಕಿದೆ. ಅದೂ ಎಲೆ ಉದುರಿಸಿತು. ಕನಕಾಂಬರ ಮೊದಲೇ ಹೋಗಿತ್ತು. ಒಂದು ಸಂಜೆಯ ಗಾಳಿಗೆ ನೆಟ್ ಹರಿದು ಗೋಡೆಯ ಮೇಲೆ ನೇತಾಡಿತು. ರಜೆ ಮುಗಿಯುವಷ್ಟರಲ್ಲಿ ನಾನು ಮಾಡಿದ್ದರಲ್ಲಿ ನೆಟ್ಟಗೆ ಉಳಿದದ್ದು ಕಲ್ಲಿನ ದಾರಿ ಮಾತ್ರ.

ಶಾಲೆ ಶುರುವಾದ ವಾರ, ಒಂದು ಬೆಳಗ್ಗೆ ನಾನು ಬಟ್ಟೆ ಒಗೆಯುತ್ತಿದ್ದೆ. ಹಿಂದೆ ಹಲಗೆ ಕಿರ್ ಎಂದಿತು. ತಿರುಗಿದರೆ ಅವರು ಎಡಗೈಯಲ್ಲಿ ಗಾಲಿ ತಿರುವುತ್ತಾ, ಎಡಗಾಲಿನಲ್ಲಿ ನೆಲ ಒತ್ತುತ್ತಾ ತಾವೇ ಬರುತ್ತಿದ್ದರು. ಓಡಿಹೋಗಿ ಹಿಡಿಯಲು ಎದ್ದೆ.

“ಮುಟ್‌ಬ್ಯಾಡ,” ಎಂದರು.

ಒದ್ದೆ ಕೈಯಲ್ಲೇ ನಿಂತೆ. ಅರ್ಧ ದಾರಿಗೆ ಕುರ್ಚಿ ಓರೆಯಾಗಿ ಗುಂಡುಕಲ್ಲಿಗೆ ತಾಗಿ ನಿಂತಿತು. ಅವರು ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಕುರ್ಚಿ ಕದಲಲಿಲ್ಲ. ಬೆವರು ಕುತ್ತಿಗೆಗೆ ಇಳಿಯುತ್ತಿತ್ತು. ನನ್ನನ್ನು ಕರೆಯಲಿಲ್ಲ, ನನಗೆ ಹತ್ತಿರ ಹೋಗುವ ಧೈರ್ಯವಿರಲಿಲ್ಲ. ಶಾಲೆಗೆ ಹೊತ್ತಾಗುತ್ತಿತ್ತು. ಬಿಸಿಲು ಅವರ ಪಾದದಿಂದ ಮೊಣಕಾಲಿಗೆ ಏರಿತು.

ಕೊನೆಗೆ ಅವರು ಕೈ ಬಿಟ್ಟು, ಅಲ್ಲೇ ಕಣ್ಣು ಮುಚ್ಚಿ ಕೂತರು. ನಾನು ಬಟ್ಟೆ ಹಿಂಡಿ ತಂತಿಗೆ ಹಾಕತೊಡಗಿದೆ.