ಎಡಪಳ್ಳಿಯಲ್ಲಿ ಮುಗಿಯುತ್ತಿದ್ದ ರಸ್ತೆ

ನನ್ನ ಅಪ್ಪನ ಟೆಂಪೊ ಭಟ್ಕಳದಿಂದ ಕುಮಟಾಕ್ಕೆ ಹೋಗುತ್ತಿತ್ತು, ಕುಮಟಾದಿಂದ ಭಟ್ಕಳಕ್ಕೆ ಬರುತ್ತಿತ್ತು. ಅಷ್ಟೇ ಅದರ ಪ್ರಪಂಚ. ಆದರೆ ನಡುವೆ ಹೊನ್ನಾವರ ಸ್ಟ್ಯಾಂಡಿನಲ್ಲಿ ನಿಂತಾಗ ಅಪ್ಪ ಕೂಗುತ್ತಿದ್ದದ್ದು "ಪನ್ವೇಲ್, ಪನ್ವೇಲ್" ಎಂದು. ವಾಪಸ್ ಬರುವಾಗ "ಎಡಪಳ್ಳಿ, ಎಡಪಳ್ಳಿ". ಹೊರಗಿನವರೊಬ್ಬರು ಒಮ್ಮೆ ನಂಬಿ, ಸೂಟ್‌ಕೇಸ್ ಸಮೇತ ಹತ್ತಿ, ಬೂಟು ಬಿಚ್ಚಿ ನಿದ್ದೆಗೆ ಕೂತಿದ್ದರು. ಕುಮಟಾದಲ್ಲಿ ಎಬ್ಬಿಸಿದಾಗ "ಇಷ್ಟು ಬೇಗ ಬಂತಾ?" ಎಂದು ಕೇಳಿದರಂತೆ. ಈ ಕತೆಯಲ್ಲಿ ಸೂಟ್‌ಕೇಸ್ ನಿಜ. ಬೂಟು ನಾನು ಸೇರಿಸಿದ್ದು.

ಅಪ್ಪನ ಈ ಹುಚ್ಚಿಗೆ ಕಾರಣವಿತ್ತು. ನಮ್ಮ ಹೆದ್ದಾರಿಯ ನಂಬರು ಈಗ ಅರವತ್ತಾರು, ಮೊದಲು ಹದಿನೇಳು. ಆ ಹದಿನೇಳು ಮುಂಬೈ ಪಕ್ಕದ ಪನ್ವೇಲಿನಲ್ಲಿ ಶುರುವಾಗಿ ಕೊಚ್ಚಿಯ ಎಡಪಳ್ಳಿಯಲ್ಲಿ ಮುಗಿಯುತ್ತಿತ್ತು. ಮದುವೆಗೆ ಮೊದಲು ಅಪ್ಪ ಮೀನಿನ ಲಾರಿಯಲ್ಲಿ ಎರಡೂ ತುದಿ ಮುಟ್ಟಿ ಬಂದವನು. ಮದುವೆಯಾದ ಮೇಲೆ ಅವನ ಓಡಾಟ ಗೋವಾ–ಮಂಗಳೂರಿಗೆ ಇಳಿಯಿತು. ಸೊಂಟ ಹಿಡಿದುಕೊಂಡ ಮೇಲೆ ಈ ಟೆಂಪೊ. ಬಾಯಿ ಮಾತ್ರ ಆಗಲೂ ಪೂರ್ತಿ ಹದಿನೇಳರಲ್ಲೇ ಓಡುತ್ತಿತ್ತು.

ನಾನು ಚಿಕ್ಕವಳಿದ್ದಾಗ, ರಸ್ತೆ ಮುಗಿಯುವ ಜಾಗದಲ್ಲಿ ಏನಿದೆ ಎಂದು ಅಪ್ಪನನ್ನು ಕೇಳಿದ್ದೆ. ಎಡಪಳ್ಳಿಯಲ್ಲಿ ಒಂದು ಚಾ ಅಂಗಡಿ ಇದೆ, ರಸ್ತೆ ಸೀದಾ ಅದರ ಬೆಂಚಿನ ತನಕ ಹೋಗಿ ನಿಲ್ಲುತ್ತದೆ ಎಂದಿದ್ದ. ಮರುದಿನ ಶಾಲೆಯಲ್ಲಿ ಕತೆ ಹೇಳುವಾಗ ನಾನು ಅದಕ್ಕೊಂದು ಗೇಟು ಕಟ್ಟಿಸಿದೆ. ಮುಂದಿನ ವಾರದ ಹೊತ್ತಿಗೆ ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗ ಬಂದಿತ್ತು, ಕೀಲಿ ಹಿಡಿದ ಪೊಲೀಸ್ ಬಂದಿದ್ದ, ಅವನ ಮೀಸೆಯ ಒಂದು ತುದಿ ತಮಿಳುನಾಡಿನಲ್ಲಿತ್ತು.

ಪಿಯುಸಿಗೆ ಸೇರಿದ ಮೇಲೆ ನಾನು ದಿನಾ ಹೊನ್ನಾವರದಿಂದ ಕುಮಟಾಕ್ಕೆ ಅಪ್ಪನ ಟೆಂಪೊದಲ್ಲೇ ಹೋಗತೊಡಗಿದೆ. ಅಮ್ಮನ ತಮ್ಮ, ನನ್ನ ಮಾವ, ಅದರ ಕಂಡಕ್ಟರ್. ಒಳಗೆ ಹದಿನಾರು ಸೀಟು, ನಲವತ್ತು ಜನ, ಆರು ಬುಟ್ಟಿ, ಒಂದು ಕೋಳಿ. ಕಿಟಕಿ ಬದಿ ಸಿಗುತ್ತಿದ್ದದ್ದು ಕೋಳಿಗೆ ಮಾತ್ರ. ಕುಮಟಾ ಪೇಟೆಗೆ ಮೀನು ಒಯ್ಯುವ ಒಬ್ಬ ಅಮ್ಮ ದಿನಾ ಡ್ರೈವರ್ ಸೀಟಿನ ಹಿಂದೆಯೇ ಬುಟ್ಟಿ ಇಟ್ಟು ಕೂರುತ್ತಿದ್ದಳು. "ಪನ್ವೇಲಿಗೆ ಎಷ್ಟು ಹೊತ್ತಿಗೆ ಮುಟ್ಟಸ್ತೆ ಮಾರಾಯಾ? ನನ್ನ ಬಂಗಡೆ ಅಲ್ಲಿ ತನಕ ತಾಳುದಿಲ್ಲ" ಎನ್ನುವುದು ಅವಳ ಬೆಳಗಿನ ಪಾಠ.

ಅಪ್ಪನ ದೊಡ್ಡ ವಿದ್ಯೆ ಎಂದರೆ ರಸ್ತೆಬದಿಯ ಕಲ್ಲುಗಳು. ಕಲ್ಲು ಬರುವ ಮೊದಲೇ ಕುಮಟಾಕ್ಕೆ ಎಷ್ಟು ಎಂದು ಹೇಳಿಬಿಡುತ್ತಿದ್ದ. ನಮ್ಮಪ್ಪ ಡಾಂಬರಿನ ವಾಸನೆ ನೋಡಿ ಕಿಲೋಮೀಟರ್ ಹೇಳುತ್ತಾನೆ ಎಂದು ನಾನು ಕಾಲೇಜಿನಲ್ಲಿ ಸಾರಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಫೋನಿನಲ್ಲಿ ಹುಡುಕುತ್ತಿದ್ದಾಗ, ಎಡಪಳ್ಳಿ ಈಗ ತುದಿಯೇ ಅಲ್ಲ ಎಂದು ತಿಳಿಯಿತು. ಅರವತ್ತಾರು ಎಡಪಳ್ಳಿಯನ್ನು ದಾಟಿ ಕನ್ಯಾಕುಮಾರಿಯ ತನಕ ಹೋಗುತ್ತದೆ. ನಂಬರು ಬದಲಾದಾಗಲೇ ತುದಿಯೂ ಬದಲಾಗಿತ್ತು. ಇಷ್ಟು ವರ್ಷ ನಮ್ಮ ಟೆಂಪೊಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಅಪ್ಪನನ್ನು ತುಂಬಿದ ಟೆಂಪೊದಲ್ಲೇ ಸೋಲಿಸಬೇಕು ಎಂದುಕೊಂಡೆ. ಅವಕಾಶವೂ ತಾನಾಗಿ ಬಂತು. ಹಳದೀಪುರ ದಾಟಿದ ಮೇಲೆ, ಟೋಲ್ ಗೇಟಿಗಿಂತ ಮೊದಲು, ಹೊಸ ಹಸಿರು ಬೋರ್ಡು ನಿಲ್ಲಿಸಿದ್ದರು. ಅಕ್ಷರ ಒಂದೊಂದೂ ನಮ್ಮ ಮನೆಯ ಬಾಗಿಲಿನಷ್ಟು. ಸರಿ, ಕಿಟಕಿಯಷ್ಟು. "ಪನ್ವೇಲ್ – ಕನ್ಯಾಕುಮಾರಿ".

ಮರುದಿನ ಇಬ್ಬರು ಗೆಳತಿಯರನ್ನು ಸಾಕ್ಷಿಗೆ ಕೂರಿಸಿಕೊಂಡು ಅಪ್ಪನ ಪಕ್ಕ ಎದುರಿನ ಸೀಟಿನಲ್ಲಿ ಕೂತೆ. ಬೋರ್ಡು ಹತ್ತಿರ ಬಂತು.

"ಅಪ್ಪಾ, ಅದ್ರಲ್ಲಿ ಎಂತ ಬರ್ದಿದೆ ಓದು."

ಅಪ್ಪ ಬೋರ್ಡಿನ ಕಡೆ ಸರಿಯಾಗಿಯೇ ಮುಖ ಮಾಡಿದ. "ಪನ್ವೇಲ್, ಎಡಪಳ್ಳಿ. ಮತ್ತೆಂತ ಬರೀತಾರೆ?"

ಇಡೀ ಟೆಂಪೊ ನಕ್ಕಿತು. ಇವನ ಹಟ ನೋಡಿ ಎಂದು ಮೀನಿನ ಅಮ್ಮ ತೊಡೆ ತಟ್ಟಿಕೊಂಡಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಗುತ್ತಲೇ ಅಪ್ಪನ ಮುಖ ನೋಡಿದೆ. ಅದರಲ್ಲಿ ತಮಾಷೆ ಇರಲಿಲ್ಲ. ಎಲ್ಲರೂ ಯಾಕೆ ನಗುತ್ತಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ. ಸ್ವಲ್ಪ ಮುಂದೆ, ರೂಢಿಯಂತೆ, "ಕುಮಟಾ ಹತ್ತು" ಎಂದ. ಅಲ್ಲಿ ಕಲ್ಲಿರಲಿಲ್ಲ. ರಸ್ತೆ ಅಗಲ ಮಾಡಿದವರು ಅದನ್ನು ಕಿತ್ತು ಎಷ್ಟೋ ದಿನವಾಗಿತ್ತು. ಕಿತ್ತ ಗುಂಡಿಯಲ್ಲಿ ಹುಲ್ಲು ಹುಟ್ಟಿತ್ತು.

ಆಮೇಲೆ ಒಂದೊಂದೇ ನೆನಪಾಯಿತು. ಬೆಳಕು ಇಳಿಯುವ ಹೊತ್ತಿನ ಟ್ರಿಪ್ಪನ್ನು ಅಪ್ಪ ಬಿಟ್ಟಿದ್ದ. ಕೈ ತೋರಿಸಿದವರಿಗೆ ನಿಲ್ಲಿಸುತ್ತಿರಲಿಲ್ಲ, ಮಾವ ಕೂಗಿದರೆ ಮಾತ್ರ ನಿಲ್ಲಿಸುತ್ತಿದ್ದ. ಮೊದಲು ಹಿಂದಿನ ಬಾಗಿಲಲ್ಲಿ ಜೋತಾಡುತ್ತಿದ್ದ ಮಾವ ಈಗ ಮುಂದೆಯೇ ನಿಲ್ಲುತ್ತಿದ್ದ. ಅಂದರೆ ಮಾವನಿಗೆ ಗೊತ್ತಿತ್ತು.

ನಾನು ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಸ್ಟೇರಿಂಗ್ ಇಲ್ಲದ ಅಪ್ಪನನ್ನು ಯೋಚಿಸಲು ನನಗೆ ಆಗಲಿಲ್ಲ. ಅದಕ್ಕೆ ಬದಲಾಗಿ ಎದುರಿನ ಸೀಟು ಹಿಡಿದು ಕಾಮೆಂಟರಿ ಶುರು ಮಾಡಿದೆ. ಎಡಗಡೆಯಿಂದ ಎಮ್ಮೆ ಮೇಡಂ ಬರುತ್ತಿದ್ದಾರೆ, ಅವರಿಗೆ ಲೈಸೆನ್ಸ್ ಇಲ್ಲ. ಎದುರಿಗೆ ಸ್ಕೂಟರ್, ಮೇಲೆ ಒಂದು ಕುಟುಂಬ ಮತ್ತು ಅವರ ಅರ್ಧ ಅಡುಗೆಮನೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನನ್ನ ಮಾತು ಕೇಳಲೆಂದೇ ಬಸ್ಸು ಬಿಟ್ಟು ನಮ್ಮ ಟೆಂಪೊ ಹತ್ತುವವರಿದ್ದರು. ಎಮ್ಮೆ ಎಂದಾಗ ಅಪ್ಪನ ಕಾಲು ಬ್ರೇಕಿಗೆ ಹೋಗುತ್ತಿತ್ತು. ನನಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಗಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಹೀಗೆ ಒಂಬತ್ತು ದಿನ, ದಿನಕ್ಕೆ ನಲವತ್ತು ಜನ. ಈ ಲೆಕ್ಕದಲ್ಲಿ ನಾನು ಏನನ್ನೂ ಸೇರಿಸಿಲ್ಲ.

ಹತ್ತನೆಯ ದಿನ ಕರ್ಕಿಯ ಹತ್ತಿರ ನಾನು ರಸ್ತೆಗೆ ಬೆನ್ನು ಹಾಕಿ, ನಮ್ಮ ಪ್ರಿನ್ಸಿಪಾಲರು ಸೀನುವುದನ್ನು ಮಾಡಿ ತೋರಿಸುತ್ತಿದ್ದೆ. ಮೂರನೆಯ ಸೀನು ಅರ್ಧದಲ್ಲಿದ್ದಾಗ ಮಾವ ಕೂಗಿದ. ಬ್ರೇಕಿನ ಹೊಡೆತಕ್ಕೆ ಬುಟ್ಟಿಯ ಬಂಗಡೆಯೆಲ್ಲ ನನ್ನ ಮಡಿಲಿಗೆ ಬಂತು. ತಿರುಗಿ ನೋಡಿದರೆ, ತೆಂಗಿನ ಗರಿ ಕಟ್ಟಿದ್ದ ಸೈಕಲ್ಲೊಂದು ನಮ್ಮ ಬಂಪರಿನ ಅಡಿಯಲ್ಲಿ ಅರ್ಧ, ಹೊರಗೆ ಅರ್ಧ. ಅದನ್ನು ತಳ್ಳಿಕೊಂಡು ದಾಟುತ್ತಿದ್ದ ಅಜ್ಜ ಡಿವೈಡರಿನ ಧೂಳಿನಲ್ಲಿ ಕೂತಿದ್ದರು. ಮೊಣಕೈ ತರಚಿತ್ತು, ಅಷ್ಟೇ. ಅಷ್ಟೇ ಆದದ್ದು ನಮ್ಮ ಪುಣ್ಯ. ಮಾವ ಓಡಿ ಅವರನ್ನು ಎತ್ತಿದ. ಅಪ್ಪನೂ ಇಳಿದು ಹೋದ.

"ಕಣ್ಣು ಎಲ್ಲಿಟ್ಟಿದ್ದೆ ತಮ್ಮಾ?" ಎಂದು ಅಜ್ಜ ಕೇಳಿದರು. ಬೈಯಲೂ ಶಕ್ತಿಯಿಲ್ಲದ ದನಿ.

ಅಪ್ಪ ಟೆಂಪೊದ ಪಕ್ಕ ಬಂದು ನಿಂತ. ನಾನು ಮೈತುಂಬ ಮೀನಿನ ನೀರು ಹೊತ್ತು ಅವನ ಹತ್ತಿರ ಹೋದೆ.

"ನಿಂಗೆ ಯಾವಾಗಿಂದ ಗೊತ್ತು ಮಗಾ?"

"ಆ ಬೋರ್ಡ್ ಓದಿದ ದಿನದಿಂದ."

"ಅದ್ರಲ್ಲಿ ಎಂತ ಇತ್ತು ಹಾಗಾರೆ?"

"ಕನ್ಯಾಕುಮಾರಿ."

"ಅಷ್ಟು ದೂರ ಹೋತಾ," ಎಂದ. ಕೀಲಿಯನ್ನು ನನ್ನ ಕೈಗಿಟ್ಟು ಮಾವನಿಗೆ ಕೊಡಲು ಹೇಳಿದ. ಆ ಕೀಲಿಯನ್ನು ಅಪ್ಪ ಬೇರೆಯವರ ಕೈಗೆ ಕೊಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿದೆ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಮ್ಮ ಮನೆಗೆ ಬಂದು ಮೊದಲು ಮಾವನನ್ನು ಬೈದಳು, ಆಮೇಲೆ ನನ್ನನ್ನು. ಅಪ್ಪನನ್ನು ಬೈಯಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಈಗ ಟೆಂಪೊ ಓಡಿಸುವುದು ಮಾವ. ಸ್ಟ್ಯಾಂಡಿನಲ್ಲಿ ಅವನು "ಕುಮಟಾ, ಕುಮಟಾ" ಎಂದೇ ಕೂಗುತ್ತಾನೆ. ಮೀನಿನ ಅಮ್ಮ ಪನ್ವೇಲಿನ ಮಾತು ತೆಗೆಯುವುದಿಲ್ಲ. ಕಣ್ಣಿನ ಆಸ್ಪತ್ರೆಗೆ ಹೋಗುವ ದಿನ ಅಪ್ಪ ಎದುರಿನ ಸೀಟಿನಲ್ಲಿ ನನ್ನ ಪಕ್ಕ ಕೂರುತ್ತಾನೆ, ಕಾಲು ಮಾತ್ರ ಆಗಾಗ ಇಲ್ಲದ ಬ್ರೇಕನ್ನು ಒತ್ತುತ್ತದೆ. ಹೋದ ವಾರ ಹಳದೀಪುರ ದಾಟಿದ ಮೇಲೆ ಬೋರ್ಡು ಬಂತಾ ಎಂದು ಕೇಳಿದ. ಬಂತು ಎಂದೆ.

"ಹಾಗಾರೆ ಎಡಪಳ್ಳಿ ಈಗ ಎಲ್ಲಿ ಬಂತು?"

"ಮಧ್ಯದಲ್ಲಿ ಅಪ್ಪಾ. ದಾಟಿ ಮುಂದೆ ಹೋಗುದು."

"ಅಲ್ಲಿದ್ದ ಚಾ ಅಂಗಡಿ?"

ಗೇಟು, ಬೀಗ, ಮೀಸೆಯ ಪೊಲೀಸ್ ಎಲ್ಲರೂ ನನ್ನ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದರು.

"ಗೊತ್ತಿಲ್ಲ," ಎಂದೆ.