ಎರಡು ವರ್ಷ ಬಂದರೆ ಸಾಕಾದ ಟೈರು

ಪ್ರಿಯಂವದಾ ಕಾರು ಓಡಿಸಲು ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಷೋಕಿಗಲ್ಲ. ಗಂಡ ಗುರುಪ್ರಸಾದರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಭದ್ರಾವತಿಯ ನ್ಯೂ ಟೌನಿನಿಂದ ಶಿವಮೊಗ್ಗಕ್ಕೆ ವಾರದಲ್ಲಿ ಮೂರು ದಿನ ಡಯಾಲಿಸಿಸ್‌ಗೆ ಹೋಗಬೇಕಿತ್ತು. ನಾಲ್ಕು ಗಂಟೆ ಮಲಗಿ ಎದ್ದಮೇಲೆ ಬಸ್ಸು ಹತ್ತುವ ತ್ರಾಣ ಅವರಲ್ಲಿ ಉಳಿಯುತ್ತಿರಲಿಲ್ಲ. ಮನೆಯಲ್ಲಿದ್ದ ಹಳೆಯ ಆಲ್ಟೊದಲ್ಲಿ ಅವರೇ ಪಕ್ಕಕ್ಕೆ ಕೂತು, ಕ್ವಾರ್ಟರ್ಸಿನ ಖಾಲಿ ರಸ್ತೆಗಳಲ್ಲಿ ಅವಳಿಗೆ ಕಲಿಸಿದರು. ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಮಾಡುವವಳು ಕ್ಲಚ್ಚಿನ ಮೇಲೆ ಕಾಲಿಟ್ಟು ಬೆವರುವುದನ್ನು ಕಂಡು, "ಅಷ್ಟೊಂದು ಧಾತುರೂಪ ಬಾಯಿಪಾಠ ಇರೋಳಿಗೆ ಐದು ಗೇರ್ ನೆನಪಿರಲ್ವಾ ಮಾರಾಯ್ತಿ?" ಎಂದು ನಕ್ಕಿದ್ದರು. ಆಗ ಇನ್ನೂ ನಗುತ್ತಿದ್ದರು.

ಟೈರುಗಳು ಸವೆದು ನುಣ್ಣಗಾಗಿದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ಈ ತಿಂಗಳು, ಮುಂದಿನ ತಿಂಗಳು ಎಂದು ತಳ್ಳುತ್ತ ಬಂದಿದ್ದಳು. ಕಾರಿಗೆ ಏನಾದರೂ ಹಾಕಿಸುವುದೆಂದರೆ ಮುಂದಿನ ವರ್ಷದ ಯೋಚನೆ ಮಾಡಬೇಕು. ಅದೊಂದು ಅವಳಿಂದ ಆಗುತ್ತಿರಲಿಲ್ಲ. ಹೃದಯವೂ ಸೋಲುತ್ತಿದೆ ಎಂದು ಡಾಕ್ಟರು ಅವಳೊಬ್ಬಳನ್ನೇ ಕೂರಿಸಿಕೊಂಡು ಹೇಳಿ ಎರಡು ತಿಂಗಳಾಗಿತ್ತು.

ಆಷಾಢದ ಒಂದು ಗುರುವಾರ, ಬೆಳಿಗ್ಗೆಯಿಂದ ಬಿಡದ ಮಳೆ. ಎಂಟಕ್ಕೆ ಆಸ್ಪತ್ರೆಯಲ್ಲಿರಬೇಕು. ಮಾಚೇನಹಳ್ಳಿ ಹತ್ತಿರ ಹಿಂದಿನ ಎಡ ಚಕ್ರ ಸಿಡಿದು ಕಾರು ರಸ್ತೆಯ ಅಂಚಿಗೆ ಎಳೆಯಿತು. ಹೇಗೋ ನಿಲ್ಲಿಸಿ ಇಳಿದು ನೋಡಿದಳು. ಟೈರಿನ ಪಕ್ಕೆ ಅಂಗೈಯಗಲ ಹರಿದಿತ್ತು. ಸ್ಟೆಪ್ನಿ ತೆಗೆದರೆ ಅದೂ ಬಿರುಕುಬಿಟ್ಟು, ಗಾಳಿಯಿಲ್ಲದೆ ಬಿದ್ದಿತ್ತು. ಆಟೋ ಸಿಗಬಹುದೆಂದು ಕೈ ಅಡ್ಡ ಹಿಡಿದಳು. ಬಂದ ಎರಡರಲ್ಲೂ ಫ್ಯಾಕ್ಟರಿಗೆ ಹೋಗುವವರು ತುಂಬಿದ್ದರು.

ಗುರುಪ್ರಸಾದರ ಪಾದಗಳು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. "ನೀವು ಒಳಗೇ ಕೂತಿರಿ, ಇಳೀಬೇಡಿ" ಎಂದು ಹೇಳಿ ಅವಳು ಸ್ವಲ್ಪ ಮುಂದೆ ಕಂಡ ಟೈರ್ ಅಂಗಡಿಗೆ ಓಡಿದಳು. ಓಡುತ್ತಲೇ ಡಯಾಲಿಸಿಸ್ ವಾರ್ಡಿನ ನರ್ಸ್ ಮೋನಿಕಾಗೆ ಫೋನು ಮಾಡಿದಳು.

"ಎಂಟೂವರೆವರೆಗೂ ಬೆಡ್ ಹಿಡಿದಿಡ್ತೀನಿ ಮೇಡಂ. ಆಮೇಲೆ ನನ್ನ ಕೈಲಿಲ್ಲ, ಮುಂದಿನವರು ಕಾಯ್ತಿರ್ತಾರೆ."

ಆಗ ಏಳೂಮುಕ್ಕಾಲು.

ಅಂಗಡಿಯ ಷಡಕ್ಷರಪ್ಪ ಆಗಷ್ಟೇ ಷಟರ್ ಎತ್ತುತ್ತಿದ್ದ. ಅವಳ ಮಾತು ಕೇಳಿ ಛತ್ರಿ ಹಿಡಿದು ಬಂದು, ಚಕ್ರಗಳನ್ನೆಲ್ಲ ಮುಟ್ಟಿ ನೋಡಿ, ಅವಳೊಡನೆ ಅಂಗಡಿಗೆ ವಾಪಸಾದ.

"ಹಿಂದಿನ ಎರಡೂ ಹೋದ್ವು ಅಮ್ಮ. ಮುಂದಿನವು ಒಂದಷ್ಟು ದಿನ ತಳ್ಳಬಹುದು. ಇಲ್ಲಿ ನೋಡಿ, ಇವು ಹೊಸವು. ಅವು ಹಳೇವು, ಯಾರೋ ಬಿಚ್ಚಿಸಿ ಬಿಟ್ಟು ಹೋಗಿದ್ದು. ಮೇಲಿನ ಪಟ್ಟೆ ಇನ್ನೂ ಸವೆದಿಲ್ಲ, ಅರ್ಧ ರೇಟಿಗೆ ಕೊಡ್ತೀನಿ. ವರ್ಷಕ್ಕೆ ಎಷ್ಟು ಓಡಿಸ್ತೀರಿ?"

"ಆರೇಳು ಸಾವಿರ ಕಿಲೋಮೀಟರ್."

"ಹಂಗಾದ್ರೆ ಹೊಸವು ಹಾಕಿದ್ರೆ ಐದು ವರ್ಷ ತಿರುಗಿ ನೋಡೋ ಹಂಗಿಲ್ಲ."

ಐದು ವರ್ಷ ಎಂಬ ಮಾತು ಕೇಳುತ್ತಲೇ ಅವಳು ಹೊಸ ಟೈರಿನಿಂದ ಕಣ್ಣು ತೆಗೆದಳು. ಕೈ ತಾನಾಗಿ ಹಳೆಯ ಟೈರಿನ ಮೇಲೆ ಹೋಯಿತು.

"ಅಷ್ಟೆಲ್ಲ ಬೇಡ. ನಮಗೆ ಎರಡು ವರ್ಷ ಬಂದ್ರೆ ಸಾಕು."

ಷಡಕ್ಷರಪ್ಪ ಅವಳ ಹಿಂದೆ ಯಾರನ್ನೋ ನೋಡುತ್ತಿದ್ದ. ಅವಳು ತಿರುಗಿದಳು. ಬಾಗಿಲ ಚೌಕಟ್ಟು ಹಿಡಿದು ಗುರುಪ್ರಸಾದ್ ನಿಂತಿದ್ದರು. ಬರಿಗಾಲು, ತಲೆಯಿಂದ ನೀರು ಇಳಿಯುತ್ತಿತ್ತು.

"ಲೆಕ್ಕ ಸರಿಯಾಗೇ ಇದೆ" ಎಂದರು.

"ರೀ, ನಾನು ಹೇಳಿದ್ದು ಹಾಗಲ್ಲ."

"ಮತ್ತೆ ಹೇಗೆ?"

ಅವಳು ಹಾಗೆಯೇ ಹೇಳಿದ್ದಳು. ಎರಡು ತಿಂಗಳಿಂದ ಮನಸ್ಸಿನಲ್ಲಿ ಒತ್ತಿಟ್ಟದ್ದು ಗುರುತಿಲ್ಲದ ಒಬ್ಬ ಅಂಗಡಿಯವನ ಮುಂದೆ ಬಾಯಿಂದ ಜಾರಿತ್ತು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

ಷಡಕ್ಷರಪ್ಪ ಗುರುಪ್ರಸಾದರ ಕೈಯ ಮೇಲಿನ ಸೂಜಿಯ ಗಂಟುಗಳನ್ನು ನೋಡಿದ. ಸ್ಟೂಲು ಎಳೆದು ಅವರನ್ನು ಕೂರಿಸಿದ. ಆಮೇಲೆ ಹಳೆಯ ಟೈರನ್ನು ಹೊರಳಿಸಿ, ಪಕ್ಕೆಯ ಮೇಲಿನ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟ.

"ಮೂವತ್ನಾಲ್ಕು, ಹದಿನಾರು. ಅಂದ್ರೆ ಹದಿನಾರನೇ ಇಸವಿಯ ಮೂವತ್ನಾಲ್ಕನೇ ವಾರ ತಯಾರಾಗಿದ್ದು. ಪಟ್ಟೆ ಎಷ್ಟಿದ್ರೂ ರಬ್ಬರು ಕಲ್ಲಾಗಿದೆ. ಕಾಯಿಲೆಯವರನ್ನ ಕೂರಿಸ್ಕೊಂಡು ಓಡಾಡ್ತೀರಿ ಅಂತ ಗೊತ್ತಿದ್ರೆ ಇದನ್ನ ತೋರಿಸ್ತಾನೇ ಇರ್ಲಿಲ್ಲ ಅಮ್ಮ."

"ಹೊಸವೇ ಹಾಕಿ" ಎಂದಳು ಪ್ರಿಯಂವದಾ.

"ನನ್ನ ಮುಖ ನೋಡ್ಕೊಂಡು ತಗೋಬೇಡ" ಎಂದರು ಗುರುಪ್ರಸಾದ್.

"ನಿಮ್ಮ ಮುಖ ನೋಡಿ ಅಲ್ಲ. ಓಡಿಸೋಳು ನಾನು." ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು.

ಹೊಸ ಟೈರು ಮುಂದಿರಲಿ, ಮುಂದಿನವನ್ನು ಹಿಂದಕ್ಕೆ ಹಾಕುತ್ತೇನೆ ಎಂದ ಷಡಕ್ಷರಪ್ಪ. ಗುರುಪ್ರಸಾದ್ ತಲೆ ಅಡ್ಡಡ್ಡ ಆಡಿಸಿದರು. "ಬೇಡ, ಹೊಸವು ಹಿಂದೇ ಇರ್ಲಿ. ಮಳೇಲಿ ಹಿಂದುಗಡೆ ಜಾರಿದ್ರೆ ಇವಳಿಗೆ ಹಿಡಿಯೋಕಾಗಲ್ಲ."

ಆ ಮಾತಿಗೆ ಪ್ರಿಯಂವದಾ ಗೋಡೆಯ ಕಡೆ ತಿರುಗಿ ನಿಂತಳು.

ಆಸ್ಪತ್ರೆ ಮುಟ್ಟಿದಾಗ ಒಂಬತ್ತು ದಾಟಿತ್ತು. ಅವರ ಬೆಡ್ಡಿನಲ್ಲಿ ಬೇರೊಬ್ಬರು ಮಲಗಿದ್ದರು. ಮಧ್ಯಾಹ್ನ ಎರಡರವರೆಗೆ ಕಾಯಬೇಕೆಂದರು. ಹನ್ನೊಂದರ ಹೊತ್ತಿಗೆ ಗುರುಪ್ರಸಾದರಿಗೆ ಉಸಿರು ಎಳೆಯತೊಡಗಿತು. ಒರಗಿದರೆ ಕೆಮ್ಮು, ಕೂತರೆ ಸುಸ್ತು. ಅವಳು ಕಾರಿಡಾರಿನ ಬೆಂಚಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಅವರ ಒಂದೊಂದು ಉಸಿರೂ ಅವಳ ಬೆನ್ನಿಗೆ ತಾಗುತ್ತಿತ್ತು. ಎರಡು ವರ್ಷ ಎಂದಿದ್ದಳಲ್ಲ, ಈ ಮಧ್ಯಾಹ್ನ ದಾಟಿದರೆ ಸಾಕೆನಿಸಿತು. ನಾಲ್ಕು ಸಲ ಎದ್ದು ಹೋಗಿ ಬೇಡಿಕೊಂಡಳು. ಕೊನೆಗೆ ಮೋನಿಕಾ ಆಕ್ಸಿಜನ್ ಹಚ್ಚಿಸಿ, ಒಂದೂಕಾಲಿಗೇ ಒಳಗೆ ಕರೆದುಕೊಂಡಳು.

ಸಂಜೆ ಆರರ ಸುಮಾರಿಗೆ ಅವರನ್ನು ಕೂರಿಸಿಕೊಂಡು ಹೊರಟಳು. ನಲವತ್ತರ ಮೇಲೆ ಹೋಗಲಿಲ್ಲ. ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಕ್ಷಮಿಸಿ ಎನ್ನಬೇಕೆಂದು ಹತ್ತು ಸಲ ಬಾಯಿ ತೆರೆದಳು. ಗುರುಪ್ರಸಾದ್ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯೋ, ಅವಳ ಮಾತು ಬೇಡವೋ ತಿಳಿಯಲಿಲ್ಲ.

ಮನೆಯ ಮುಂದೆ ಇಳಿಯುವಾಗ ಅವಳ ಹೆಗಲು ಹಿಡಿದು ಹೇಳಿದರು, "ಶನಿವಾರ ಆರಕ್ಕೇ ಹೊರಟುಬಿಡೋಣ. ಬೆಡ್ ತಪ್ಪಬಾರ್ದು."

"ಹೂಂ" ಎಂದಳು. ಒಂದೊಂದೇ ಮೆಟ್ಟಿಲು ಹತ್ತಿಸುತ್ತ ಒಳಗೆ ಕರೆದುಕೊಂಡು ಹೋದಳು.